ಕುಮಟೆಯ ಸೆಕೆಯಲ್ಲಿ ಹಾವಿಗೊಂದು ಕೆಂಪು ಬಲ್ಬು

ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ, ವರ್ಕ್ ಫ್ರಮ್ ಹೋಮ್ ಅಂತ ಕುಮಟೆಗೆ ಬಂದಾಗ ನನ್ನ ಜತೆ ಬಂದಿದ್ದು ಎರಡು ಸೂಟ್‌ಕೇಸ್, ಒಂದು ಮಾನಿಟರ್ ಮತ್ತು ಒಂದು ಬಾಲ್ ಪೈಥಾನ್. ಗಾಜಿನ ಪೆಟ್ಟಿಗೆ, ಅದರ ಮೇಲಿನ ಕೆಂಪು ನೈಟ್ ಬಲ್ಬು, ಎಲ್ಲವನ್ನೂ ಅಲ್ಲಿದ್ದ ಹಾಗೇ ಇಲ್ಲೂ ಜೋಡಿಸಿದೆ. ಏಪ್ರಿಲ್ ತಿಂಗಳು. ಬಾಗಿಲಲ್ಲೇ ನಿಂತು ಆಯಿ ಕೇಳಿದಳು, "ಎಂತಕ್ಕೆ ತಮಾ ಆ ಬಲ್ಬು? ಸೆಕೆಗೆ ನಾವೇ ಬೆಂದು ಹೋಗ್ತಾ ಇದ್ದೇವೆ."

ಹಾವು ತಾನೇ ಮೈ ಬಿಸಿ ಮಾಡಿಕೊಳ್ಳಲಾರದು, ರಾತ್ರಿ ಕಾವು ಬೇಕು ಅಂತ ನಾನು ಪಾಠ ಒಪ್ಪಿಸಿದೆ. ಪಾಠ ತಪ್ಪಲ್ಲ, ಊರು ಬದಲಾಗಿತ್ತು ಅಷ್ಟೆ.

ಮೂರು ವಾರ ಹಾವು ಇಲಿ ಮುಟ್ಟಲಿಲ್ಲ. ರಾತ್ರಿಯಿಡೀ ಮೂತಿಯನ್ನು ಗಾಜಿಗೆ ಒತ್ತಿ ಒತ್ತಿ ಸುತ್ತುತ್ತಿತ್ತು. ಮೂತಿಯ ತುದಿ ಕೆಂಪಾಗಿತ್ತು. ಕೊನೆಗೆ ಬುದ್ಧಿ ಬಂದು ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟೆ. ನಡುರಾತ್ರಿ 2 ಗಂಟೆಗೆ 36 ಡಿಗ್ರಿ! ತಪ್ಪಿಸಿಕೊಳ್ಳಲು ತಂಪಿನ ಮೂಲೆಯೇ ಇಲ್ಲ. ಆರು ದಿನ ಮೊದಲೇ ಇಡಬೇಕಿತ್ತು ಅನ್ನುವ ಮಾತು ಬಿಡಿ, ಮೊದಲ ದಿನವೇ ಇಡಬೇಕಿತ್ತು.

ಬಾಲ್ ಪೈಥಾನ್‌ನ ತವರು ಘಾನಾ, ಟೋಗೊ, ಬೆನಿನ್ ಕಡೆ. ಅಲ್ಲಿಯ ಸೆಕೆ ನಮ್ಮ ಕರಾವಳಿಗೆ ಹತ್ತಿರದ್ದೇ. ಹಗಲು ಬಿಲದಲ್ಲಿ ಅಡಗಿ, ಕತ್ತಲಾದ ಮೇಲೆ ಹೊರಬರುವ ಹಾವು ಅದು. ಹಗಲು ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ, ಇನ್ನೊಂದು ಬದಿ 26ರ ಆಸುಪಾಸು, ರಾತ್ರಿ 24ಕ್ಕಿಂತ ಕೆಳಗಿಳಿಯದಿದ್ದರೆ ಸಾಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ, ಜನವರಿಯ ರಾತ್ರಿ 15-16ಕ್ಕೆ ಇಳಿಯುತ್ತದೆ. ಅಲ್ಲಿ ಹೀಟರ್ ಬೇಕು. ಕುಮಟೆ, ಹೊನ್ನಾವರದಲ್ಲಿ ಬೇಸಿಗೆಯ ರಾತ್ರಿಯೇ 25 ದಾಟಿರುತ್ತದೆ. ಚಳಿಗಾಲದ ಕೆಲವು ವಾರ ಬಿಟ್ಟರೆ ಇಲ್ಲಿ ರಾತ್ರಿ ಕಾವು ಕೊಡುವುದೇ ಬೇಡ. ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋದರೂ ಹೆದರಬೇಕಿಲ್ಲ, ಪೆಟ್ಟಿಗೆಗೆ ಒಂದು ಕಂಬಳಿ ಹೊದೆಸಿದರಾಯಿತು. ಗಾಳಿಯಾಡುವ ಕಿಂಡಿ ಮಾತ್ರ ಮುಚ್ಚಬೇಡಿ.

ಇನ್ನು ಆ ಕೆಂಪು ಬಲ್ಬು. "ಕೆಂಪು ಬೆಳಕು ಹಾವಿಗೆ ಕಾಣಿಸೋದೇ ಇಲ್ಲ" ಅಂತ ಹೇಳಿಯೇ ನನಗೆ ಮಾರಿದ್ದು. ಬಣ್ಣ ಯಾವುದಾದರೇನು, ಹಾವಿಗೆ ಹಗಲು ಹಗಲಾಗಿ, ರಾತ್ರಿ ರಾತ್ರಿಯಾಗಿ ಇರಬೇಕು. ಸುಮಾರು 12 ಗಂಟೆ ಬೆಳಕು, ಉಳಿದದ್ದು ಪೂರ್ತಿ ಕತ್ತಲೆ. ಕತ್ತಲಲ್ಲಿ ಅದಕ್ಕೆ ದೀಪದ ಹಂಗೂ ಇಲ್ಲ. ತುಟಿಯ ಮೇಲಿನ ಸಣ್ಣ ಕುಳಿಗಳಿಂದಲೇ ಇಲಿಯ ಮೈಬಿಸಿ ಗುರುತಿಸುತ್ತದೆ.

ಕಾವು ಬೇಕಾದವರೂ ಇದ್ದಾರೆ. ಭಟ್ಕಳದ ನನ್ನ ಗೆಳೆಯನೊಬ್ಬ ದುಬೈಯಿಂದ ವಾಪಸಾದವನು, ರಾತ್ರಿಯಿಡೀ ಎಸಿ 22ರಲ್ಲಿ ಓಡಬೇಕು. ಹಾವಿನ ಪೆಟ್ಟಿಗೆಯೂ ಅದೇ ಕೋಣೆಯಲ್ಲಿ. ಉಂಡ ಹಾವಿಗೆ ಕಾವು ಸಾಲದಿದ್ದರೆ ಜೀರ್ಣವಾಗದೆ ಕಕ್ಕಿಬಿಡುತ್ತದೆ. ಅವನಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಅಥವಾ ಗಾಜಿನ ಕೆಳಗೆ, ಹೊರಗಡೆಯಿಂದ, ಮೂರನೇ ಒಂದು ಭಾಗಕ್ಕಷ್ಟೇ ಹೀಟ್ ಮ್ಯಾಟ್ ಸರಿ. ಯಾವುದಾದರೂ ಥರ್ಮೋಸ್ಟಾಟ್ ಇಲ್ಲದೆ ಬೇಡವೇ ಬೇಡ. ಹೊಟ್ಟೆಯಡಿ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಸರಿಯದೆ ಮಲಗಿರುತ್ತದೆ. ಸಾಕಿದ ಹಾವುಗಳಲ್ಲಿ ಸುಟ್ಟಗಾಯ ಅಪರೂಪವೇನಲ್ಲ.

ಹೊನ್ನಾವರದ ಹತ್ತಿರ ಹುಡುಗರು ಅಡಿಕೆ ತೋಟದಲ್ಲಿ ಸಿಕ್ಕ ಹೆಬ್ಬಾವಿನ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕೋಳಿಮರಿಗೆ ಹಾಕಿದ ಹಾಗೆ 60 ವ್ಯಾಟಿನ ಬಲ್ಬು ಹಾಕಿ, ಫೋಟೊ ಕಳಿಸಿ "ಅಣ್ಣಾ, ಸರಿ ಉಂಟಾ?" ಅಂತ ಕೇಳಿದ್ದರು. ಬಲ್ಬಿನ ಮಾತು ಆಮೇಲೆ, ಆ ಹಾವನ್ನು ಇಟ್ಟುಕೊಳ್ಳುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ ನಮ್ಮ ಹೆಬ್ಬಾವು. ಅರಣ್ಯ ಇಲಾಖೆಗೆ ಫೋನ್ ಮಾಡಿಸಿದೆ. ವಿದೇಶಿ ಬಾಲ್ ಪೈಥಾನ್ ಸಾಕುವವರೂ 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ಬಲ್ಬು ತೆಗೆದ ಒಂಬತ್ತನೇ ರಾತ್ರಿ, ಪೂರ್ತಿ ಕತ್ತಲಲ್ಲಿ, ನನ್ನ ಹಾವು ಇಲಿ ಹಿಡಿಯಿತು. ಆಯಿ ಈಗಲೂ ಆ ಕೋಣೆಯೊಳಗೆ ಕಾಲಿಡುವುದಿಲ್ಲ. ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೇಳುತ್ತಾಳೆ, "ಉಂಡಿತಾ ಅದು?"