ಪಲ್ಪರ್ ಮನೆಯಲ್ಲಿ ಕೂಲಿ ಬೇಡದ ಆಳುಗಳು

ಹುತ್ತರಿ ಕಳೆದು ಅರೇಬಿಕಾ ಕೊಯ್ಲು ಬಿರುಸಾದಂತೆ ಬೆಳೆಗಾರರೆಲ್ಲರ ಬಾಯಲ್ಲಿ ಒಂದೇ ಮಾತು: ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಪೂರೈಸುವುದಿಲ್ಲ. ಹೀಗಿರುವಾಗ ಕೂಲಿ ಕೇಳದೆ, ರಜೆ ಹಾಕದೆ, ಹಗಲಿರುಳೂ ದುಡಿಯುವ ಕೋಟ್ಯಂತರ ಆಳುಗಳು ನಮ್ಮ ಪಲ್ಪರ್ ಮನೆಯಲ್ಲೇ ಇದ್ದಾರೆ ಎಂದರೆ ಸದಸ್ಯ ಬಾಂಧವರು ನಗಬಹುದು. ಆದರೆ ಇದು ನಗೆಯ ಮಾತಲ್ಲ. ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಈ ಆಳುಗಳು. ತಕ್ಕ ಜಾಗದಲ್ಲಿ ಕೆಲಸಕ್ಕೆ ಹಚ್ಚಿದರೆ ಇವುಗಳಿಂದ ಲಾಭ. ಜಾಗ ತಪ್ಪಿದರೆ ಇವೇ ನಮ್ಮ ತೋಡು ಹೊಳೆಗಳ ಉಸಿರು ಕಟ್ಟಿಸುತ್ತವೆ. ಪಲ್ಪಿಂಗ್ ಮಾಡುವ ಪ್ರತಿಯೊಬ್ಬ ಬೆಳೆಗಾರನೂ ಈ ಎರಡು ಮುಖಗಳನ್ನೂ ತಿಳಿದಿರುವುದು ಅವಶ್ಯಕ.

ತೊಟ್ಟಿಯೊಳಗೆ ನಡೆಯುವುದೇನು?

ಪಲ್ಪರ್ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಪಾರ್ಚ್‌ಮೆಂಟಿನ ಸುತ್ತ ಜಾರುವ ಲೋಳೆಯೊಂದು ಉಳಿಯುತ್ತದೆ. ಬರೀ ನೀರಿನಲ್ಲಿ ತೊಳೆದರೆ ಅದು ಬಿಡುವುದಿಲ್ಲ. ಪೆಕ್ಟಿನ್ ಎಂಬ ಅಂಟುಪದಾರ್ಥವೇ ಇದಕ್ಕೆ ಕಾರಣ. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದೂ ಈ ಪೆಕ್ಟಿನ್‌ನಿಂದಲೇ. ಲೋಳೆಯಲ್ಲಿ ಸಕ್ಕರೆಯೂ ಧಾರಾಳವಾಗಿದೆ.

ಇಂಥ ಕಾಫಿಯನ್ನು ತೊಟ್ಟಿಯಲ್ಲಿ ಹಾಕಿಟ್ಟಾಗ, ಹಣ್ಣಿನ ಮೈಮೇಲೂ ನೀರಿನಲ್ಲೂ ಮೊದಲೇ ಇದ್ದ ಬ್ಯಾಕ್ಟೀರಿಯಾ ಮತ್ತು ಯೀಸ್ಟುಗಳು ಆ ಸಕ್ಕರೆಯನ್ನು ತಿಂದು ಬೆಳೆಯುತ್ತವೆ. ಅವು ಹೊರಬಿಡುವ ಕಿಣ್ವಗಳೂ ಹಣ್ಣಿನಲ್ಲೇ ಇರುವ ಕಿಣ್ವಗಳೂ ಸೇರಿ ಪೆಕ್ಟಿನ್ನನ್ನು ಒಡೆದು ಲೋಳೆಯನ್ನು ಸಡಿಲಿಸುತ್ತವೆ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗ್ಗೆ ಉಬ್ಬಿ ಬರುವುದೂ, ಹೆಪ್ಪು ಹಾಕಿದ ಹಾಲು ಮೊಸರಾಗುವುದೂ ಇದೇ ಬಗೆಯ ಕೆಲಸ. ಹುಳಿಯುವುದೆಂದರೆ ಜೀವಂತ ಕಣಗಳ ಕೆಲಸ ಎಂಬುದನ್ನು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1857ರಲ್ಲೂ ಆನಂತರದ ವರ್ಷಗಳಲ್ಲೂ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಅರೇಬಿಕಾಕ್ಕೆ ಈ ಕೆಲಸ ಮುಗಿಯಲು ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು. ರೋಬಸ್ಟಾದ ಲೋಳೆ ದಪ್ಪನಾದುದರಿಂದ 72 ಗಂಟೆಯವರೆಗೂ ಹಿಡಿಯಬಹುದು. ಚಳಿ ಹೆಚ್ಚಿದರೆ ದೋಸೆಹಿಟ್ಟಿನಂತೆ ಇದೂ ತಡವಾಗುತ್ತದೆ. ಆದುದರಿಂದ ಗಡಿಯಾರವೊಂದನ್ನೇ ನಂಬದೆ ಕೈಯನ್ನೂ ನಂಬಬೇಕು. ಒಂದು ಹಿಡಿ ಕಾಫಿಯನ್ನು ತೆಗೆದು ತೊಳೆದು ಹಿಸುಕಿ ನೋಡಿ. ಕೈಗೆ ಅಂಟದೆ, ಹೊಳೆಯ ಸಣ್ಣಕಲ್ಲುಗಳಂತೆ ಗರಗರ ಎಂದರೆ ಕೆಲಸ ಮುಗಿದಿದೆ. ಕೂಡಲೇ ಮೂರು ನಾಲ್ಕು ಬಾರಿ ಶುದ್ಧ ನೀರಿನಲ್ಲಿ ತೊಳೆದು ಕಣಕ್ಕೆ ಹಾಕಬೇಕು.

ಕೆಲಸ ಮುಗಿದ ಮೇಲೂ ಆಳುಗಳನ್ನು ತೊಟ್ಟಿಯಲ್ಲೇ ಬಿಟ್ಟರೆ ಅವು ಸುಮ್ಮನಿರುವುದಿಲ್ಲ. ಬೀಜಕ್ಕೆ ಹುಳಿ ಹತ್ತುತ್ತದೆ, ದುರ್ವಾಸನೆ ಸೇರುತ್ತದೆ. ನಿನ್ನೆಯ ನಾಲ್ಕು ಕಾಳು ಪಲ್ಪರಿನ ಮೂಲೆಯಲ್ಲೋ ಕಾಲುವೆಯಲ್ಲೋ ಉಳಿದು ಇಂದಿನ ಕಾಫಿಯೊಂದಿಗೆ ಬೆರೆತರೂ ಸಾಕು, ರುಚಿ ನೋಡುವವರ ಬಟ್ಟಲಲ್ಲಿ ಅದು ಪತ್ತೆಯಾಗುತ್ತದೆ. ವರ್ಷದ ದುಡಿಮೆಗೆ ಬರಬೇಕಾದ ಬೆಲೆ ಅಲ್ಲಿ ಇಳಿಯುತ್ತದೆ. ಪ್ರತಿದಿನ ಸಂಜೆ ಪಲ್ಪರನ್ನೂ ತೊಟ್ಟಿಯನ್ನೂ ತೊಳೆದಿಡಬೇಕೆಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಅದೇ ಆಳು ತೋಡಿಗಿಳಿದರೆ

ಲೋಳೆಯೇನೋ ಬಿಟ್ಟಿತು; ಆದರೆ ಹೋದದ್ದೆಲ್ಲಿಗೆ? ತೊಳೆದ ನೀರಿಗೆ. ಸಕ್ಕರೆ, ಪೆಕ್ಟಿನ್, ಹುಳಿ ಎಲ್ಲವೂ ಅದರಲ್ಲಿವೆ. ಈ ನೀರು ತೋಡಿಗಿಳಿದರೆ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಮಿತಿಮೀರಿ ಹೆಚ್ಚಿ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಏಡಿಗಳು ಉಸಿರುಗಟ್ಟಿ ಸಾಯುತ್ತವೆ. ನೀರು ಕಪ್ಪಾಗಿ ನಾರುತ್ತದೆ.

ಸಣ್ಣದೊಂದು ಲೆಕ್ಕ ನೋಡೋಣ. ಒಳ್ಳೆಯ ಹೊಳೆನೀರಿನ ಒಂದು ಲೀಟರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಪಲ್ಪಿಂಗ್ ನೀರಿನ ಒಂದು ಲೀಟರಿನಲ್ಲಿರುವ ಕಲ್ಮಷವನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಸಾವಿರಾರು ಮಿಲಿಗ್ರಾಂ ಆಮ್ಲಜನಕ ಬೇಕು. 5,000 ಮಿಲಿಗ್ರಾಂ ಎಂದಿಟ್ಟುಕೊಂಡರೂ, ನಾವು ಬಿಟ್ಟ ಒಂದೇ ಲೀಟರು 600 ಲೀಟರಿಗೂ ಮಿಕ್ಕಿದ ಹೊಳೆನೀರಿನ ಉಸಿರನ್ನು ಹೀರಬಲ್ಲದು. ಅದರಲ್ಲೂ ನಮ್ಮ ಪಲ್ಪಿಂಗ್ ನಡೆಯುವುದು ಮಳೆ ನಿಂತು ತೋಡುಗಳು ದಿನೇದಿನೇ ಇಳಿಯುವ ಕಾಲದಲ್ಲಿ. ಕಲ್ಮಷವನ್ನು ತೆಳುಮಾಡಲು ನೀರೇ ಇರುವುದಿಲ್ಲ.

1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯ ಮಾತು ಹಾಗಿರಲಿ. ಕೊಡಗಿನ ಬಹುಪಾಲು ತೋಡುಗಳು ಹಾರಂಗಿಯನ್ನೋ ಲಕ್ಷ್ಮಣತೀರ್ಥವನ್ನೋ ಸೇರಿ ಕೊನೆಗೆ ಕಾವೇರಿಯಾಗುತ್ತವೆ. ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥವನ್ನು ಭಕ್ತಿಯಿಂದ ಮನೆಗೆ ತರುವ ನಾವೇ ಎರಡು ತಿಂಗಳು ಕಳೆಯುವುದರೊಳಗೆ ಅದೇ ತಾಯಿಗೆ ಲೋಳೆನೀರನ್ನು ಬಿಡುವುದು ಸರಿಯೇ? ಕೆಳಗಿನ ಊರಿನವರು ಕುಡಿಯುವುದೂ, ದನಕರುಗಳಿಗೆ ಕುಡಿಸುವುದೂ ಆ ನೀರನ್ನೇ.

ಮುಚ್ಚಿದ ತೊಟ್ಟಿಯ ಕೆಲಸ

ಪರಿಹಾರವೂ ಸೂಕ್ಷ್ಮಜೀವಿಗಳಲ್ಲೇ ಇದೆ. ಗಾಳಿಯಾಡದ ಮುಚ್ಚಿದ ತೊಟ್ಟಿಯಲ್ಲಿ ಈ ನೀರನ್ನು ಹಿಡಿದಿಟ್ಟರೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಅದರ ಕಲ್ಮಷವನ್ನು ಉರಿಯುವ ಅನಿಲವಾಗಿ ಮಾರ್ಪಡಿಸುತ್ತವೆ. ಗೋಬರ್ ಗ್ಯಾಸ್ ಎಂದು ನಾವೆಲ್ಲ ಬಲ್ಲದ್ದು ಇದೇ. ಅದರಲ್ಲಿ ಸುಮಾರು 60 ಪಾಲು ಮೀಥೇನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ಹಳ್ಳಿಗಳಿಗೆ ಒಗ್ಗುವ ಅನಿಲ ಸ್ಥಾವರಗಳ ಮೇಲೆ ಕೆಲಸ ಮಾಡಿದರು. ಆ ವಿಭಾಗದಿಂದ ಕಾಫಿ ನೀರಿನ ಬಗೆಗೂ ಅಧ್ಯಯನಗಳು ಬಂದಿವೆ.

ಇಲ್ಲಿ ಎರಡು ವಿಷಯ ಮರೆಯಬಾರದು. ಮೀಥೇನ್ ಕೊಡುವ ಸೂಕ್ಷ್ಮಜೀವಿಗಳಿಗೆ ಹುಳಿ ಆಗದು. ಪಲ್ಪಿಂಗ್ ನೀರಾದರೋ ಹುಳಿ. ಆದುದರಿಂದ ಸುಣ್ಣ ಬೆರೆಸಿ ಹುಳಿಯನ್ನು ಮುರಿದೇ ಒಳಗೆ ಬಿಡಬೇಕು. ಹಾಲಿಗೆ ಹೆಪ್ಪಿನಂತೆ ಮೊದಲ ಸಲ ಸೆಗಣಿ ಬಗ್ಗಡವನ್ನೂ ಹಾಕಬೇಕು. ಗ್ಯಾಸು ತೆಗೆದ ನೀರನ್ನು ಸಹ ನೇರವಾಗಿ ತೋಡಿಗೆ ಬಿಡದೆ, ಗಾಳಿಯಾಡುವ ಕೊಳದಲ್ಲಿ ತಿಳಿಗೊಳಿಸಿ ತೋಟಕ್ಕೆ ಹಾಯಿಸುವುದು ಕ್ರಮ.

ಲೋಳೆಯನ್ನು ಯಂತ್ರದಿಂದಲೇ ಉಜ್ಜಿ ತೆಗೆಯುವವರು ಸಮಯವನ್ನೂ ನೀರನ್ನೂ ಉಳಿಸುತ್ತಾರೆ, ನಿಜ. ಆದರೆ ಲೋಳೆ ಮಾಯವಾಗುವುದಿಲ್ಲ. ಕಡಿಮೆ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಸೇರಿರುತ್ತದೆ. ಅವರಿಗೂ ಈ ಎಚ್ಚರ ಬೇಕು.

ಸಿಪ್ಪೆಗೆ ಗೊಬ್ಬರದ ಗುಂಡಿ

ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಸಿಪ್ಪೆಯಾಗಿ ಹೋಗುತ್ತದೆ. ಹಸಿ ಸಿಪ್ಪೆಯನ್ನು ಗಿಡದ ಬುಡಕ್ಕೆ ರಾಶಿ ಹಾಕಿದರೆ ಕಾವು ಏಳುತ್ತದೆ, ನೊಣ ಮುತ್ತುತ್ತದೆ. ಅದನ್ನೇ ತರಗೆಲೆ, ಕಸಕಡ್ಡಿ, ಸೆಗಣಿಯೊಂದಿಗೆ ಪದರಪದರವಾಗಿ ಹಾಕಿ, ತೇವ ಆರದಂತೆ ನೋಡಿ, ಆಗಾಗ ಮಗುಚಿದರೆ ಕೆಲವೇ ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ. ಅಡಿಕೆ ಬೆಳೆಗಾರರಿಗೂ ಈ ಮಾತು ಸಲ್ಲುತ್ತದೆ. ಅಡಿಕೆಯ ಸೋಗೆ, ಹಾಳೆಗಳಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ವಿಟ್ಲದ ಸಂಶೋಧನಾ ಕೇಂದ್ರದವರು ತೋರಿಸಿಕೊಟ್ಟಿದ್ದಾರೆ.

ಸಣ್ಣ ಹಿಡುವಳಿದಾರನೊಬ್ಬನಿಗೆ ಇದೆಲ್ಲ ಭಾರವೆನಿಸಬಹುದು. ಅಂಥವರು ಹಣ್ಣನ್ನು ಚೆರಿಯಾಗಿಯೇ ಒಣಗಿಸಬಹುದು; ಇಲ್ಲವೇ ನೆರೆಯ ನಾಲ್ಕು ಮನೆಯವರು ಸೇರಿ ಒಂದೇ ಪಲ್ಪರ್, ಒಂದೇ ತೊಟ್ಟಿ ಮಾಡಿಕೊಳ್ಳಬಹುದು. ಸಹಕಾರವೆಂದರೆ ಅದೇ ತಾನೆ? ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಸಂಸ್ಥೆಗೆ ನಮ್ಮ ಚೆಟ್ಟಳ್ಳಿಯಲ್ಲೇ 1946ರಿಂದ ಉಪಕೇಂದ್ರವಿದೆ. ತೊಟ್ಟಿ ಕಟ್ಟುವ ಮುನ್ನ ಅಲ್ಲಿ ವಿಚಾರಿಸುವುದು ಒಳ್ಳೆಯದು. ಈ ಹಂಗಾಮಿನ ಮೊದಲ ಹಣ್ಣು ಪಲ್ಪರಿಗೆ ಬೀಳುವ ಮುನ್ನ ಒಮ್ಮೆ ನಿಮ್ಮ ಕಾಲುವೆಯ ಜಾಡು ಹಿಡಿದು ನಡೆದು, ಆ ನೀರು ಎಲ್ಲಿಗೆ ಸೇರುತ್ತದೆಂದು ಕಣ್ಣಾರೆ ನೋಡಿ ಬನ್ನಿ.