ಕೂರ್ಮಗಡದ ದಾರಿ: ಹತ್ತಾರು ನಿಮಿಷದ ದೋಣಿಯಾನ, ಒಳನಾಡಿನವರು ತಿಳಿಯಬೇಕಾದ ಕಡಲು

ಹಾವೇರಿ: ಹಾನಗಲ್‌ನ ಆನೆಕೆರೆ, ಹಿರೇಕೆರೂರಿನ ದುರ್ಗಾದೇವಿ ಕೆರೆ, ವರದೆ, ಕುಮುದ್ವತಿ. ಜಿಲ್ಲೆಯ ಪಶ್ಚಿಮ ಹಾಗೂ ದಕ್ಷಿಣದ ತಾಲ್ಲೂಕುಗಳ ಜನ ಬಲ್ಲ ನೀರು ಇದು. ಕೆರೆಯ ನೀರು ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಕಡಲು ಹಾಗಲ್ಲ, ಅದು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಪ್ರವಾಸಕ್ಕೆಂದು ಕರಾವಳಿಗೆ ಹೋಗುವವರಲ್ಲಿ ಹೆಚ್ಚಿನವರಿಗೆ ಈ ವ್ಯತ್ಯಾಸದ ಅರಿವಿರುವುದಿಲ್ಲ.

ಇದರ ಬೆಲೆ ಎಷ್ಟೆಂಬುದು ಶಿಗ್ಗಾಂವಿ ತಾಲ್ಲೂಕಿಗೆ ಗೊತ್ತಿದೆ. 2019ರ ಜನವರಿ 21ರ ಸೋಮವಾರ, ಕಾರವಾರ ಸಮೀಪದ ಕೂರ್ಮಗಡ ದ್ವೀಪದಲ್ಲಿ ನಡೆದ ನರಸಿಂಹ ದೇವರ ಜಾತ್ರೆ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಜಲಸಮಾಧಿಯಾದರು. ಮೃತರಲ್ಲಿ ಹಲವರು ಶಿಗ್ಗಾಂವಿ ತಾಲ್ಲೂಕಿನ ಹೊಸೂರು ಗ್ರಾಮದ ಒಂದೇ ಕುಟುಂಬಕ್ಕೆ ಸೇರಿದವರು. ಮಕ್ಕಳೂ ಇದ್ದರು. ಕಾರವಾರದಿಂದ 150 ಕಿ.ಮೀ.ಗೂ ಹೆಚ್ಚು ದೂರದ, ಹೊಲಗದ್ದೆಗಳ ನಡುವಿನ ಊರಿಗೆ ಕಡಲಿನಿಂದ ಶವಗಳು ಬಂದವು.

ಕೂರ್ಮಗಡ ಕಾರವಾರದ ಕಡಲತೀರದಿಂದ ಕಣ್ಣಿಗೆ ಕಾಣುವಷ್ಟೇ ದೂರದಲ್ಲಿದೆ. ಆಮೆಯ ಬೆನ್ನಿನಂತಿರುವುದರಿಂದ ಆ ಹೆಸರು. ಪ್ರತಿ ವರ್ಷ ಪುಷ್ಯ ಹುಣ್ಣಿಮೆಯಂದು ಇಲ್ಲಿ ಜಾತ್ರೆ ನಡೆಯುತ್ತದೆ. ಅಂದು ಮೀನುಗಾರಿಕಾ ದೋಣಿಗಳೇ ಭಕ್ತರನ್ನು ಕರೆದೊಯ್ಯುತ್ತವೆ, ಪ್ರವಾಸಿ ದೋಣಿಗಳೂ ಸೇರಿಕೊಳ್ಳುತ್ತವೆ. ಕಾಳಿ ನದಿ ಕಡಲು ಸೇರುವ ಕೋಡಿಬಾಗದಿಂದಾಗಲೀ, ಆಚೆ ದಡದ ವಿಹಾರಧಾಮಗಳ ತಾಣವಾದ ದೇವಬಾಗದಿಂದಾಗಲೀ ಹೊರಟರೆ ಪ್ರಯಾಣ ಹತ್ತಾರು ನಿಮಿಷಗಳದ್ದು. ಇಷ್ಟು ಹತ್ತಿರವಲ್ಲವೇ ಎಂಬ ಭಾವನೆಯೇ ಮೊದಲ ಅಪಾಯ.

ಹುಣ್ಣಿಮೆ ಮತ್ತು ಅಳಿವೆ

ಜಾತ್ರೆ ಹುಣ್ಣಿಮೆಗೆ ಬೀಳುವುದರಲ್ಲಿ ಒಂದು ಸೂಕ್ಷ್ಮವಿದೆ. ಹುಣ್ಣಿಮೆ, ಅಮಾವಾಸ್ಯೆಗಳಂದು ಸೂರ್ಯ, ಚಂದ್ರರ ಸೆಳೆತ ಒಂದೇ ನೇರದಲ್ಲಿರುವುದರಿಂದ ಭರತ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಕಾರವಾರದ ಆಸುಪಾಸಿನಲ್ಲಿ ಈ ಅಂತರ ಸುಮಾರು 2 ಮೀಟರ್‌ವರೆಗೆ ಇರುತ್ತದೆ. ಈ ಭಾಗದಲ್ಲಿ ಹುಣ್ಣಿಮೆಯ ಭರತ ಮಧ್ಯಾಹ್ನಕ್ಕೆ ಮೊದಲು ಅಥವಾ ಅದರ ಸುಮಾರಿಗೆ ಬರುತ್ತದೆ. ಆದ್ದರಿಂದ ಪೂಜೆ, ಪ್ರಸಾದ ಮುಗಿಸಿ ಜನ ಮರಳುವ ಹೊತ್ತಿಗೆ ಸಾಮಾನ್ಯವಾಗಿ ನೀರು ಇಳಿಯುತ್ತಿರುತ್ತದೆ.

ಇಳಿತದ ವೇಳೆ ನದಿಯ ನೀರು ಅಳಿವೆಯ ಮೂಲಕ ರಭಸದಿಂದ ಹೊರಗೆ ಹರಿಯುತ್ತದೆ. ಕಡಲಿನ ಅಲೆ ಅದಕ್ಕೆ ಎದುರಾಗಿ ಒಳಗೆ ಬರುತ್ತದೆ. ಎರಡೂ ಎದುರುಬದುರಾದಾಗ ಅಲೆ ಮೋಟಾಗಿ, ಕಡಿದಾಗಿ ಏಳುತ್ತದೆ. ಅಳಿವೆಯಲ್ಲಿ ನದಿ ತಂದು ಹಾಕಿದ ಮರಳಿನ ದಿಬ್ಬಗಳಿದ್ದರೆ ಆಳ ಕಡಿಮೆಯಾಗಿ ಅಲೆ ಅಲ್ಲಿಯೇ ಮುರಿಯುತ್ತದೆ. ಇದರ ಜತೆಗೆ ಅಪರಾಹ್ನದ ಕಡಲಗಾಳಿಯೂ ಸೇರುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಸಂಜೆಗೆ ಹಾಗಿರುವುದಿಲ್ಲ. ಮೀನುಗಾರರು ಇಂಥ ಕಡೆ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿಯುತ್ತಾರೆ, ಇಲ್ಲವೇ ಕಾಯುತ್ತಾರೆ. ಅಲೆ ಪಕ್ಕೆಗೆ ಬಡಿದರೆ ಸಣ್ಣ ದೋಣಿ ನಿಲ್ಲುವುದು ಕಷ್ಟ.

ಹನ್ನೆರಡು ಚೀಲ ಗೋವಿನಜೋಳ

ಅಂದಿನ ದೋಣಿಯಲ್ಲಿ 35 ಮಂದಿ ಇದ್ದರು, ಅದು ಸಾಮರ್ಥ್ಯಕ್ಕಿಂತ ಹೆಚ್ಚು, ಬಹುತೇಕರು ಜೀವರಕ್ಷಕ ಜಾಕೆಟ್ ಧರಿಸಿರಲಿಲ್ಲ, ದೊಡ್ಡ ಅಲೆಯ ಹೊಡೆತಕ್ಕೆ ದೋಣಿ ಮಗುಚಿತು ಎಂದು ಆಗ ವರದಿಯಾಗಿತ್ತು. ಇತರ ದೋಣಿಗಳಲ್ಲಿದ್ದವರು, ಮೀನುಗಾರರು, ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಯವರು ರಕ್ಷಣೆಗೆ ಧಾವಿಸಿದರು. ಕಾಣೆಯಾದವರ ಶೋಧ ಮುಂದಿನ ದಿನಗಳಲ್ಲೂ ನಡೆಯಿತು.

ಹೆಚ್ಚುವರಿ ಜನ ಎಂದರೇನೆಂದು ರೈತರಿಗೆ ವಿವರಿಸುವುದು ಸುಲಭ. ತಲಾ 60 ಕಿಲೊ ತೂಕದ ಹತ್ತು ಮಂದಿ ಹೆಚ್ಚಾದರೆ ಆರು ಕ್ವಿಂಟಲ್, ಅಂದರೆ 50 ಕಿಲೊದ ಹನ್ನೆರಡು ಚೀಲ ಗೋವಿನಜೋಳ. ದೋಣಿ ಅಷ್ಟು ನೀರಿಗೆ ಇಳಿಯುತ್ತದೆ. ನೀರಿನ ಮಟ್ಟಕ್ಕೂ ದೋಣಿಯ ಅಂಚಿಗೂ ನಡುವಿನ ಅಂತರ ಕಡಿಮೆಯಾಗಿ, ಸಣ್ಣ ಅಲೆಯೂ ಒಳಗೆ ನುಗ್ಗುವಂತಾಗುತ್ತದೆ. ಆದರೆ ಚೀಲ ಇಟ್ಟಲ್ಲೇ ಇರುತ್ತದೆ. ಮನುಷ್ಯರು ಏಳುತ್ತಾರೆ, ಹೆದರಿ ಒಂದೇ ಬದಿಗೆ ಸರಿಯುತ್ತಾರೆ, ಮೊಬೈಲ್ ಹಿಡಿದು ಅಂಚಿಗೆ ವಾಲುತ್ತಾರೆ. ನಿಂತಾಗ ಭಾರದ ಕೇಂದ್ರ ಮೇಲಕ್ಕೇರುತ್ತದೆ, ವಾಲಿದ ದೋಣಿ ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಒಳಗೆ ಹೊಕ್ಕ ನೀರು ಸಹ ವಾಲಿದ ಬದಿಗೇ ಹರಿಯುತ್ತದೆ.

ಜಾಕೆಟ್ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಅಪಾಯ ಬಂದಾಗ ಹಾಕಿಕೊಂಡರಾಯಿತು ಎಂದು ಅದನ್ನು ಕೈಯಲ್ಲೋ ಕಾಲಬುಡದಲ್ಲೋ ಇಟ್ಟುಕೊಳ್ಳುವವರಿದ್ದಾರೆ. ಮಗುಚುವುದು ಕ್ಷಣಗಳ ಮಾತು. ಪಟ್ಟಿ ಬಿಗಿಯದ ಜಾಕೆಟ್ ನೀರಿಗೆ ಬಿದ್ದೊಡನೆ ಕುತ್ತಿಗೆಯ ಮೇಲಕ್ಕೆ ಜಾರುತ್ತದೆ. ದೊಡ್ಡವರ ಅಳತೆಯದ್ದನ್ನು ತೊಡಿಸಿದ ಮಗು ಅದರಿಂದ ಹೊರಗೇ ಜಾರಿಬಿಡಬಹುದು.

ಶಾಲಾ ಪ್ರವಾಸಗಳು ಹೆಚ್ಚಾಗಿ ಹೋಗುವುದು ಕೂರ್ಮಗಡಕ್ಕಲ್ಲ, ಉಡುಪಿ ಬಳಿಯ ಮಲ್ಪೆಗೆ. ಅಲ್ಲಿಂದ ಸುಮಾರು 6 ಕಿ.ಮೀ. ದೂರದ ಸೇಂಟ್ ಮೇರೀಸ್ ದ್ವೀಪಕ್ಕೆ ಅರ್ಧ ಗಂಟೆಯೊಳಗಿನ ಪಯಣ. ಮಳೆಗಾಲದಲ್ಲಿ ಸಂಚಾರ ಬಂದ್. ದ್ವೀಪದ ಬಳಿ ಆಳ ಸಾಲದ ಕಾರಣ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಇಳಿದು ದಡ ಸೇರಬೇಕಾಗುವುದುಂಟು. ನೂಕುನುಗ್ಗಲಾಗುವುದು ಅಲ್ಲಿಯೇ. ಇನ್ನು ದ್ವೀಪದ ಕಂಬದಂಥ ಬಂಡೆಗಳು ಚೆಂದ, ಆದರೆ ಪಾಚಿ ಹಿಡಿದಿರುತ್ತವೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು.

ಕಾನೂನಿನ ಕೊರತೆಯೇನೂ ಇಲ್ಲ. ಒಳನಾಡು ಜಲಯಾನಗಳಿಗೆ 1917ರ ಹಳೆಯ ಕಾಯ್ದೆಯ ಬದಲು 2021ರಲ್ಲಿ ಹೊಸ ಕಾಯ್ದೆ ಬಂದಿದ್ದು, ನೋಂದಣಿ, ತಪಾಸಣೆ, ವಿಮೆ, ಜೀವರಕ್ಷಕ ಸಾಧನಗಳ ಬಗ್ಗೆ ಅದು ಹೇಳುತ್ತದೆ. ಆದರೆ ಜಾತ್ರೆಯ ದಿನ ಸಾಲುಗಟ್ಟಿದ ಜನರ ಮುಂದೆ ಕಾಗದದ ಬಲ ಅಷ್ಟಕ್ಕಷ್ಟೆ. ಮೀನು ಹಿಡಿಯಲು ನೋಂದಾಯಿಸಿದ ದೋಣಿ ಜನಸಾಗಣೆಗೆ ಪರವಾನಗಿ ಪಡೆದಂತಲ್ಲ ಎಂಬುದನ್ನು ಹತ್ತುವವರೂ ಕೇಳುವುದಿಲ್ಲ.

ಹಾನಗಲ್, ಸವಣೂರಿನಿಂದ ಬಸ್ಸು ಮಾಡಿಕೊಂಡು ಹೊರಡುವ ಶಿಕ್ಷಕರು, ಹಿರಿಯರು ದಡದಲ್ಲೇ ಕೇಳಬಹುದಾದ ಪ್ರಶ್ನೆಗಳು ಕೆಲವೇ: ದೋಣಿಗೆ ಅನುಮತಿ ಎಷ್ಟು ಜನಕ್ಕೆ, ಎಣಿಸಿದವರು ಯಾರು, ಮಕ್ಕಳ ಅಳತೆಯ ಜಾಕೆಟ್ ಇದೆಯೇ, ಮರಳುವ ಹೊತ್ತಿಗೆ ಭರತವೋ ಇಳಿತವೋ. ಉತ್ತರ ಸಿಗದಿದ್ದರೆ ದಡದಿಂದಲೇ ದ್ವೀಪ ನೋಡಿ ಬರಬಹುದು, ಕೂರ್ಮಗಡ ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಕಡಲಿನಲ್ಲಿ ಅವಘಡ ಕಂಡವರು ಕರಾವಳಿ ಕಾವಲು ಪಡೆಯ 1554 ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಬಹುದು.