ಪ್ರಬಲರ ರಾಜನೀತಿಯೂ ಕೊಡಗಿನ ಸಂಸ್ಥಾನವೂ

ಪುಟ್ಟ ರಾಜ್ಯವೊಂದರ ಭವಿತವ್ಯವು ಅದರ ದೊರೆಯ ಗುಣಾವಗುಣಗಳಿಂದಲೇ ನಿರ್ಧಾರವಾಗುತ್ತದೆಂದು ಭಾವಿಸುವುದು ಲೋಕದ ವಾಡಿಕೆ. ಹಾಲೇರಿ ವಂಶದ ಕೊನೆಯ ಅರಸನ ದುರಾಡಳಿತದಿಂದಲೇ 1834ರಲ್ಲಿ ಕೊಡಗು ಆಂಗ್ಲರ ವಶವಾಯಿತೆಂಬ ಮಾತು ಶಾಲೆಯ ಪಾಠಗಳಿಂದಲೂ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯಿಂದಲೂ ಕನ್ನಡಿಗರಿಗೆ ಚಿರಪರಿಚಿತವಾಗಿದೆ. ಆ ಮಾತು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಅದಕ್ಕೂ ಅರ್ಧ ಶತಮಾನ ಮೊದಲಿನಿಂದ ಈ ಗುಡ್ಡನಾಡಿನ ಸುಖದುಃಖಗಳು ಶ್ರೀರಂಗಪಟ್ಟಣ, ಕಲ್ಕತ್ತೆ, ಲಂಡನ್, ಪ್ಯಾರಿಸ್‌ಗಳಲ್ಲಿ ನಡೆದ ಲೆಕ್ಕಾಚಾರಗಳನ್ನು ಅನುಸರಿಸಿಕೊಂಡು ಬಂದುದನ್ನು ಗಮನಿಸದಿದ್ದರೆ 1834ರ ಘಟನೆಯ ಅರ್ಥವೇ ಆಗದು.

ಇದಕ್ಕೆ ಮೂಲಕಾರಣ ಭೂಗೋಳ. ಆಂಗ್ಲರ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯಿದ್ದ ತಲಚೇರಿಯ ಕರಾವಳಿಗೂ ಮೈಸೂರಿನ ರಾಜಧಾನಿಗೂ ನಡುವೆ ಘಟ್ಟದ ಮೇಲೆ ಕುಳಿತಿರುವುದು ಕೊಡಗು. ಇಲ್ಲಿಯ ಕಣಿವೆಯ ದಾರಿ ಯಾರ ಕೈಯಲ್ಲಿದೆಯೋ ಅವರಿಗೆ ಪಶ್ಚಿಮದ ಬಾಗಿಲು ಒಲಿದಂತೆ.

ಮೊದಲು ಒಳಬಂದ ಪ್ರಬಲ ಶಕ್ತಿ ಮೈಸೂರು. ಬಂದದ್ದೂ ಕರೆದವರಿದ್ದುದರಿಂದ. 1770ರ ದಶಕದಲ್ಲಿ ಅರಸುಮನೆಯ ದಾಯಾದಿ ಕಲಹದಲ್ಲಿ ಲಿಂಗರಾಜನು ಹೈದರಾಲಿಯ ನೆರವನ್ನು ಬೇಡಿದನು; ನೆರವು ದೊರೆಯಿತು, ಜೊತೆಗೆ ಅಧೀನತೆಯೂ. 1780ರಲ್ಲಿ ಲಿಂಗರಾಜನು ತೀರಿಕೊಂಡಾಗ, ಮಕ್ಕಳು ಎಳೆಯರೆಂಬ ನೆಪದಿಂದ ಹೈದರನು ನಾಡನ್ನೇ ತನ್ನ ವಶಕ್ಕೆ ತೆಗೆದುಕೊಂಡನು.

ಹೈದರನು 1782ರಲ್ಲಿ ಮಡಿದ ಮೇಲೆ ಸಂಧಿವಿಗ್ರಹಗಳು ದೂರದೂರಕ್ಕೆ ತೊಡಕಿಕೊಂಡವು. 1783ರಲ್ಲಿ ಟಿಪ್ಪುವು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ, ಯೂರೋಪಿನಲ್ಲಿ ಆಂಗ್ಲರಿಗೂ ಫ್ರೆಂಚರಿಗೂ ಶಾಂತಿಯಾದ ಸುದ್ದಿ ಬಂದುದೇ ತಡ, ಅವನ ಪಕ್ಷದಲ್ಲಿದ್ದ ಫ್ರೆಂಚ್ ಪಡೆ ಯುದ್ಧದಿಂದ ಹಿಂದೆಗೆಯಿತು. 1784ರ ಮಾರ್ಚಿಯಲ್ಲಿ ಮಂಗಳೂರಿನ ಕರಾರು ಆಯಿತು. ಕಂಪನಿಯೊಡನೆ ಯುದ್ಧ ನಿಂತಿತು. ಟಿಪ್ಪುವಿನ ಕೈ ಬಿಡುವಾಯಿತು. ಎದುರುಬಿದ್ದ ಕೊಡಗಿನ ಮೇಲೆ ಅವನ ದಂಡು ಇಳಿದುದು, ಅಸಂಖ್ಯಾತ ಜನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟುದು ಈ ಬಿಡುವಿನಲ್ಲಿ. ಒಯ್ಯಲ್ಪಟ್ಟವರ ಸಂಖ್ಯೆಯ ಬಗೆಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಂಕಟದ ಬಗೆಗೆ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಎರಡು ದೊಡ್ಡ ಶಕ್ತಿಗಳ ನಡುವಣ ಶಾಂತಿಯು ಮೂರನೆಯವನಿಗೆ ಯುದ್ಧವಾಗಿ ಪರಿಣಮಿಸಬಹುದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ದುರ್ಲಭ.

ಪಿರಿಯಾಪಟ್ಟಣದ ಸೆರೆಯಿಂದ 1788ರ ಕೊನೆಯಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರನು ಎರಡನೆಯ ಶಕ್ತಿಯನ್ನು ಆಶ್ರಯಿಸಿದನು. ಅವನಿಗೆ ಬೇರೆ ಹಾದಿಯೇನಿತ್ತೆಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟ. 1790ರ ಅಕ್ಟೋಬರಿನಲ್ಲಿ ಕಂಪನಿಯೊಡನೆ ಒಪ್ಪಂದವಾಯಿತು. ಟಿಪ್ಪುವನ್ನು ಉಭಯರೂ ಶತ್ರುವೆಂದು ಎಣಿಸುವುದು, ಕೊಡಗಿನ ಸ್ವಾತಂತ್ರ್ಯವನ್ನು ಕಂಪನಿ ಕಾಯುವುದು, ದವಸಧಾನ್ಯಗಳನ್ನೂ ದನಗಳನ್ನೂ ರಾಜನು ಒದಗಿಸುವುದು, ನಾಡಿನ ಉತ್ಪನ್ನಗಳ ವ್ಯಾಪಾರದಲ್ಲಿ ಕಂಪನಿಗೆ ಅಗ್ರಸ್ಥಾನ ಸಲ್ಲುವುದು – ಇದು ಅದರ ಸಾರ. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯವು ಕೊಡಗಿನ ಮೂಲಕವೇ ಮೈಸೂರು ಸೀಮೆಗೆ ಇಳಿಯಿತು. ಇವರಿಬ್ಬರ ಭೇಟಿಯ ನೆನಪಿಗೆಂದು ಅರಸನು 1792ರಲ್ಲಿ ಕಟ್ಟಿಸಿದ ಪೇಟೆಯೇ ವಿರಾಜಪೇಟೆ. ಅಲ್ಲಿಯ ಸಂತೆಗೆ ಹೋಗಿಬರುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ!

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವು ತನ್ನ ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. ಕಳೆದುಕೊಂಡ ಸೀಮೆಗಳಲ್ಲಿ ಅವನನ್ನು ಕೆರಳಿಸಿದುದು ಕೊಡಗು. ಆದಾಯದ ದೃಷ್ಟಿಯಿಂದ ಅದು ಅಲ್ಪವೇ. ಆದರೆ ಅದನ್ನು ಕೇಳುವುದೆಂದರೆ ರಾಜಧಾನಿಯ ಬೀಗದ ಕೈಯನ್ನೇ ಕೇಳಿದಂತೆ ಎಂಬರ್ಥದಲ್ಲಿ ಅವನು ಪ್ರತಿಭಟಿಸಿದನೆಂದು ಆಂಗ್ಲ ಚರಿತ್ರಕಾರರು ಬರೆದಿದ್ದಾರೆ. ಮಕ್ಕಳಿಬ್ಬರು ಆಗಲೇ ಒತ್ತೆಯಾಳುಗಳಾಗಿದ್ದರು, ಕಾರ್ನ್‌ವಾಲಿಸನು ಮುತ್ತಿಗೆಯನ್ನು ಪುನರಾರಂಭಿಸಲು ಸಿದ್ಧನಾದನು, ಟಿಪ್ಪು ಮಣಿದನು. ಕೊಡಗು ಮೈಸೂರಿನಿಂದ ಬಿಡುಗಡೆಯಾಯಿತು. ಮರುವರ್ಷವೇ ಕಂಪನಿಗೆ ವಾರ್ಷಿಕ 24,000 ರೂಪಾಯಿ ಪೊಗದಿ ಕೊಡುವ ಏರ್ಪಾಡಾಯಿತೆಂಬುದನ್ನೂ ಇಲ್ಲಿಯೇ ಹೇಳಬೇಕು.

ಮುಂದಿನ ಅಂಕಕ್ಕೆ ತೆರೆ ಎದ್ದುದು ಈಜಿಪ್ಟಿನಲ್ಲಿ. 1798ರಲ್ಲಿ ನೆಪೋಲಿಯನ್ನನು ಅಲ್ಲಿ ಇಳಿದನು. ಅದೇ ವರ್ಷ ಮಾರಿಷಸ್ಸಿನ ಫ್ರೆಂಚ್ ಗವರ್ನರನು ಟಿಪ್ಪುವಿನ ಸ್ನೇಹವನ್ನು ಬಹಿರಂಗವಾಗಿ ಸಾರಿದ್ದನು. ಮಂಗಳೂರಿಗೆ ಬಂದಿಳಿದ ಫ್ರೆಂಚ್ ಪಕ್ಷದ ಸ್ವಯಂಸೇವಕರು ನೂರರಷ್ಟು ಮಾತ್ರ. ವೆಲ್ಲೆಸ್ಲಿಗೆ ಯುದ್ಧ ಹೂಡಲು ಅಷ್ಟು ನೆಪ ಸಾಕಾಯಿತು. ಆ ಯುದ್ಧದ ಆರಂಭದ ಹೋರಾಟವೊಂದು ನಡೆದುದು 1799ರ ಮಾರ್ಚಿ 6ರಂದು, ಕೊಡಗಿನ ಗಡಿಯ ಸಿದ್ಧೇಶ್ವರದಲ್ಲಿ. ಹಿಂದಿನ ದಿನ ಬೆಟ್ಟದ ಮೇಲಿನಿಂದ ಪಿರಿಯಾಪಟ್ಟಣದ ಬಯಲಿನಲ್ಲಿ ಡೇರೆಗಳು ಕಂಡಿದ್ದವು. ಟಿಪ್ಪುವಿನ ಪಡೆ ಹಿಮ್ಮೆಟ್ಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಕಂಪನಿಯು ಕೃತಜ್ಞತೆ ತೋರದಿರಲಿಲ್ಲ. ಪೊಗದಿ ರದ್ದಾಯಿತು, ಅದರ ಬದಲಿಗೆ ವರ್ಷಕ್ಕೊಂದು ಆನೆ ಕೊಟ್ಟರೆ ಸಾಕೆಂದಾಯಿತು. ಘಟ್ಟದ ಕೆಳಗಣ ಪಂಜ, ಬೆಳ್ಳಾರೆ ಸೀಮೆಗಳೂ ದೊರೆತವು. ಆದರೆ ಬಾಗಿಲು ಕಾಯುವವನಿಗೆ ಬೆಲೆ ಬರುವುದು ಹೊರಗೆ ಶತ್ರುವಿರುವವರೆಗೆ. ಮೈಸೂರು ಈಗ ಕಂಪನಿಯ ಆಶ್ರಿತ ರಾಜ್ಯ. ಫ್ರೆಂಚರ ಭಯ ಕ್ರಮೇಣ ಅಳಿಯಿತು. ಕೊಡಗು ನಾಲ್ಕು ಕಡೆಯೂ ಕಂಪನಿಯ ಪ್ರಭಾವದಿಂದ ಸುತ್ತುವರಿಯಲ್ಪಟ್ಟ ನಡುಗಡ್ಡೆಯಾಯಿತು.

ದೊಡ್ಡವೀರರಾಜೇಂದ್ರನೂ ತನ್ನ ಕೊನೆಗಾಲದಲ್ಲಿ ಕ್ರೂರನಾಗಿದ್ದನು. ಅದು ಕಂಪನಿಗೆ ತಿಳಿಯದ ಸಂಗತಿಯಲ್ಲ. 1809ರಲ್ಲಿ ಅವನು ಮಡಿಯುವವರೆಗೂ ಮೈತ್ರಿ ಕೆಡಲಿಲ್ಲ. ಅದೇ ದೋಷ ಚಿಕ್ಕವೀರರಾಜೇಂದ್ರನಲ್ಲಿ ಕಂಡಾಗ ಅಸಹನೀಯವಾಯಿತು. ಅವನ ತಂಗಿ ದೇವಮ್ಮಾಜಿಯೂ ಭಾವಮೈದುನ ಚನ್ನಬಸಪ್ಪನೂ ಓಡಿಹೋಗಿ ಆಂಗ್ಲರ ಮರೆಹೊಕ್ಕರು. ಅವರನ್ನು ಒಪ್ಪಿಸಿರೆಂದು ರಾಜನು ಹಟ ಹಿಡಿದು ಕಂಪನಿಯ ದೂತನನ್ನೇ ತಡೆದಿಟ್ಟನು. 1834ರ ಏಪ್ರಿಲಿನಲ್ಲಿ ಸೈನ್ಯಗಳು ಕೊಡಗನ್ನು ಹೊಕ್ಕವು. ಮೇ 7ರಂದು ಕರ್ನಲ್ ಫ್ರೇಸರನ ಘೋಷಣೆ ಹೊರಟಿತು. ನಾಡಿನ ಜನರ ಏಕಮತದ ಇಚ್ಛೆಯಂತೆ ಕೊಡಗನ್ನು ಸೇರಿಸಿಕೊಳ್ಳಲಾಗಿದೆ ಎಂಬುದು ಅದರ ಭಾವ.

ಬಹುಮಾನವಾಗಿ ಬಂದಿದ್ದ ಕೆಳಘಟ್ಟದ ಸೀಮೆಯನ್ನು ಕೊಡಗಿನಿಂದ ಕಡಿದು ಕನ್ನಡ ಜಿಲ್ಲೆಗೆ ಜೋಡಿಸಿದರು. ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ನಾಣ್ಯದಲ್ಲಿ ತೆರಬೇಕಾಯಿತು. 1837ರಲ್ಲಿ ಅಮರಸುಳ್ಯದಿಂದ ಎದ್ದ ದಂಗೆಯು ಮಂಗಳೂರನ್ನು ಮುಟ್ಟಿತು. ಅದನ್ನು ಅಡಗಿಸಲು ಕೊಡಗಿನವರೇ ಆದ ದಿವಾನ ಬೋಪು ಆಂಗ್ಲರಿಗೆ ನೆರವಾದನು; ದಂಗೆಯ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಪದಚ್ಯುತನಾದ ಅರಸನನ್ನು ಕಾಶಿಯಲ್ಲಿ ಇರಿಸಲಾಗಿತ್ತು. ಮಿತ್ರರೆಂಬ ವಿಶ್ವಾಸದಿಂದ ಅರಸುಮನೆಯವರು ಕಂಪನಿಯಲ್ಲಿ ದೊಡ್ಡ ಮೊತ್ತವೊಂದನ್ನು ಬಡ್ಡಿಗೆ ಇಟ್ಟಿದ್ದರು. 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ ರಾಜನು ಆ ಹಣಕ್ಕಾಗಿ ಅಲ್ಲಿಯ ಚಾನ್ಸರಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದನು. ಅವನು ಕೊಡಗಿಗೆ ಹಿಂದಿರುಗಲಿಲ್ಲ, ಲಂಡನ್ನಿನಲ್ಲಿಯೇ ಕಾಲವಾದನು.